ಸಾಂತೊ ದೊಮಿಂಗೊ: ಕಲ್ಲುಹಾಸಿನ ಬೀದಿಗಳಲ್ಲಿ ಗೈಡ್ ಜೊತೆ ನಡೆದದ್ದು

ಡೊಮಿನಿಕನ್ ರಿಪಬ್ಲಿಕ್‌ಗೆ ಹೋಗುತ್ತೇವೆ ಅಂದ ತಕ್ಷಣ ಅಮೆರಿಕದಲ್ಲಿರುವ ನಮ್ಮ ಕನ್ನಡದ ಸ್ನೇಹಿತರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, ಪುಂಟಾ ಕಾನಾದಲ್ಲಿ ಯಾವ ರೆಸಾರ್ಟ್ ಅಂತ. ನಾವು ಆ ಕಡೆ ಹೋಗಲೇ ಇಲ್ಲ. ನಾನು ಮತ್ತು ನನ್ನ ಹೆಂಡತಿ ನೇರವಾಗಿ ರಾಜಧಾನಿ ಸಾಂತೊ ದೊಮಿಂಗೊಗೆ ಟಿಕೆಟ್ ಮಾಡಿಸಿದೆವು. ಅಮೆರಿಕ ಖಂಡಗಳಲ್ಲಿ ಯುರೋಪಿನವರು ಕಟ್ಟಿ, ಇವತ್ತಿಗೂ ಜನ ಬಿಟ್ಟುಹೋಗದೆ ವಾಸವಾಗಿರುವ ಅತ್ಯಂತ ಹಳೆಯ ಊರು ಇದು. ಕಟ್ಟಿಸಿದವನು ಕೊಲಂಬಸ್‌ನ ತಮ್ಮ ಬಾರ್ತೊಲೊಮೆ. ಊರಿನವರು ಹುಟ್ಟುಹಬ್ಬವನ್ನು 1498ರ ಆಗಸ್ಟ್ 5ರಿಂದ ಲೆಕ್ಕ ಹಾಕುತ್ತಾರೆ. 1496 ಅನ್ನುವವರೂ ಇದ್ದಾರೆ. ಅದೇ 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದು, ವಾಪಸ್ ಹೋಗುವಾಗ ನಮ್ಮ ಕಾರವಾರದ ಹತ್ತಿರದ ಅಂಜದೀವ್ ದ್ವೀಪದಲ್ಲಿ ತಂಗಿ ಹಡಗು ರಿಪೇರಿ ಮಾಡಿಸಿಕೊಂಡಿದ್ದ. ಕೊಲಂಬಸ್ ಪಶ್ಚಿಮದಿಂದ ಹುಡುಕುತ್ತಿದ್ದುದೂ ಇದೇ ಕಡೆಗೆ ಬರುವ ದಾರಿಯನ್ನೇ ಅಲ್ವಾ. ಅವನು ತಲುಪಿದ ಜಾಗ ಹೇಗಿದೆ, ಅಲ್ಲಿ ಏನಾಯ್ತು ಅಂತ ಕಾಲಲ್ಲೇ ನಡೆದು ನೋಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

ವೀಸಾ ವಿಷಯ ಬೇಗ ಹೇಳಿಬಿಡುತ್ತೇನೆ. ಭಾರತದ ಪಾಸ್‌ಪೋರ್ಟ್ ಇದ್ದರೂ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಪ್ರವಾಸಿಗಳಾಗಿ ಒಳಗೆ ಬಿಡುತ್ತಾರೆ. ಆನ್‌ಲೈನಲ್ಲಿ ಇ-ಟಿಕೆಟ್ ಅಂತ ಒಂದು ಫಾರಂ ತುಂಬಬೇಕು. ಹೊರಡುವ ಮುಂಚೆ ನಿಯಮ ಬದಲಾಗಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಮೊದಲ ದಿನ, ಶುಕ್ರವಾರ

ವಿಮಾನ ನಿಲ್ದಾಣ ಊರಿಂದ ಪೂರ್ವಕ್ಕೆ, ಸಮುದ್ರದ ಪಕ್ಕದ ರಸ್ತೆಯಲ್ಲೇ ಬರಬೇಕು. ಒಂದು ಕಡೆ ಕಡು ನೀಲಿ ನೀರು, ಇನ್ನೊಂದು ಕಡೆ ತೆಂಗಿನಮರ, ಟೈರ್ ಅಂಗಡಿ, ಬಿಯರ್ ಅಂಗಡಿ. ಓಸಾಮಾ ನದಿಯ ಸೇತುವೆ ದಾಟಿದರೆ ಹಳೆಯ ಊರು. ಇದನ್ನು ಸೋನಾ ಕೊಲೊನಿಯಾಲ್ ಅಂತ ಕರೆಯುತ್ತಾರೆ. 1990ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ರೂಮು ಈ ಪ್ರದೇಶದ ಒಳಗೇ ಇರಲಿ. ನಮ್ಮದು ಒಳಗೇ ಇತ್ತು, ಹಾಗಾಗಿ ಹಳೆಯ ಊರು ನೋಡಲು ಕಾರು ಹತ್ತುವ ಪ್ರಶ್ನೆಯೇ ಬರಲಿಲ್ಲ.

ಸಂಜೆ ಸುಮ್ನೆ ಎಲ್ ಕೊಂದೆ ಬೀದಿಯಲ್ಲಿ ಅಡ್ಡಾಡಿದೆವು. ವಾಹನ ಬಿಡದ ಉದ್ದದ ಬೀದಿ. ಚಪ್ಪಲಿ ಅಂಗಡಿ, ಐಸ್‌ಕ್ರೀಂ, ಲಾರಿಮಾರ್ ಅನ್ನುವ ತಿಳಿನೀಲಿ ಕಲ್ಲಿನ ಒಡವೆ ಮಾರುವವರು, ಮೂಲೆಯಲ್ಲಿ ಡಾಮಿನೊ ಆಡುವ ಮುದುಕರು. ಅವರು ಬಿಲ್ಲೆ ಇಡುವುದಿಲ್ಲ, ಟೇಬಲ್ಲಿಗೆ ಹೊಡೆಯುತ್ತಾರೆ. ಆ ಸದ್ದು ಅರ್ಧ ಬೀದಿಗೆ ಕೇಳಿಸುತ್ತೆ.

ಬೀದಿಯ ಪಶ್ಚಿಮದ ತುದಿಯಲ್ಲಿ ಪುಯೆರ್ತಾ ದೆಲ್ ಕೊಂದೆ, ಹಳೆಯ ಕೋಟೆ ಬಾಗಿಲು. ಪೆನ್ಯಾಲ್ವಾದ ಕೌಂಟ್ ಅನ್ನುವವನ ಹೆಸರು ಇದಕ್ಕೆ. 1655ರಲ್ಲಿ ಇಂಗ್ಲಿಷರು ದೊಡ್ಡ ಪಡೆ ತಂದು ಈ ಊರಿನ ಮೇಲೆ ಬಿದ್ದಾಗ ಅವರನ್ನು ಓಡಿಸಿದವನು. ಇಲ್ಲಿ ಸೋತ ಆ ಪಡೆಯೇ ಮುಂದೆ ಹೋಗಿ ಜಮೈಕಾ ಹಿಡಿದದ್ದು. 1844ರ ಫೆಬ್ರವರಿ 27ರ ರಾತ್ರಿ ಡೊಮಿನಿಕನ್ನರು ಇದೇ ದ್ವೀಪದ ಪಶ್ಚಿಮ ಭಾಗದಲ್ಲಿರುವ ಹೈಟಿಯಿಂದ ಸ್ವಾತಂತ್ರ್ಯ ಘೋಷಿಸಿದ್ದೂ ಇದೇ ಬಾಗಿಲಲ್ಲಿ. ಒಳಗಿನ ಪಾರ್ಕಿನಲ್ಲಿ ಆ ಸ್ವಾತಂತ್ರ್ಯದ ನಾಯಕರಾದ ದುವಾರ್ತೆ, ಸಾಂಚೆಸ್, ಮೆಯಾ ಮೂವರ ಸಮಾಧಿ ಇದೆ. ಹೈಟಿಯ ಆಳ್ವಿಕೆಯ ಬಗ್ಗೆ ಇಲ್ಲಿ ಕಹಿ ಮಾತೇ ಜಾಸ್ತಿ ಕೇಳುತ್ತೆ. ಆದರೆ 1822ರಲ್ಲಿ ಅವರು ಬಂದಾಗಲೇ ಈ ಭಾಗದಲ್ಲಿ ಗುಲಾಮಗಿರಿ ರದ್ದಾಗಿದ್ದು. ಇಲ್ಲಿ ನಿಂತಾಗ ಅದನ್ನೂ ನೆನೆಯಬೇಕು ಅನ್ನಿಸಿತು.

ಎರಡನೇ ದಿನ, ಶನಿವಾರ

ಗೈಡ್ ಬರಹೇಳಿದ್ದು ಬೆಳಗ್ಗೆ ಬೇಗ, ಕೊಲಂಬಸ್ ಪಾರ್ಕಿಗೆ. ಹನ್ನೊಂದರ ಮೇಲೆ ಬಿಸಿಲು ನಿಲ್ಲಲು ಬಿಡುವುದಿಲ್ಲ, ಕಲ್ಲು ಕಾಯುತ್ತೆ ಅಂದಿದ್ದರು. ಅರವತ್ತು ದಾಟಿದ ಮನುಷ್ಯ, ಕತ್ತಿನಲ್ಲಿ ಲೈಸೆನ್ಸ್ ಕಾರ್ಡು, ಕೈಯಲ್ಲಿ ಮಡಚಿದ ಛತ್ರಿ, ಇಂಗ್ಲಿಷ್ ಚೆನ್ನಾಗಿತ್ತು. ಹುಟ್ಟಿ ಬೆಳೆದದ್ದು ಇದೇ ಬೀದಿಗಳಲ್ಲಿ.

ಪಾರ್ಕಿನ ನಡುವೆ 1887ರಲ್ಲಿ ನಿಲ್ಲಿಸಿದ ಕೊಲಂಬಸ್ ಪ್ರತಿಮೆ ಇದೆ. ಮೇಲೆ ಅವನು ಬೆರಳು ತೋರಿಸುತ್ತಾ ನಿಂತಿದ್ದಾನೆ. ಎಲ್ಲರೂ ಅವನ ಫೋಟೋ ತೆಗೆದುಕೊಂಡು ಹೋಗುತ್ತಾರೆ. ನಮ್ಮ ಗೈಡ್ ಮಾತ್ರ ಮೊದಲು ತೋರಿಸಿದ್ದು ಕೆಳಗಿನ ಹೆಂಗಸನ್ನು. ಪೀಠಕ್ಕೆ ಆತುಕೊಂಡು, ಒಂದು ಕೈ ಮೇಲೆತ್ತಿ, ಅವನನ್ನು ಹೊಗಳುವ ಸಾಲು ಬರೆಯುತ್ತಿರುವ ತಾಯಿನೊ ಹೆಣ್ಣು. ಅದು ಅನಕಾವೊನಾ ಅಂತ ಜನ ಹೇಳುತ್ತಾರೆ. ತಾಯಿನೊಗಳು ಈ ದ್ವೀಪದ ಮೂಲ ಜನ. ಅನಕಾವೊನಾ ಅವರ ಒಂದು ನಾಡಿನ ರಾಣಿ. 1503ರಲ್ಲಿ ಸ್ಪೇನಿನ ಗವರ್ನರ್ ನಿಕೊಲಾಸ್ ದೆ ಓವಾಂದೊ ಅವಳ ನಾಡಿಗೆ ಅತಿಥಿಯಾಗಿ ಹೋಗಿ, ಸತ್ಕಾರ ಮಾಡಿಸಿಕೊಂಡು, ಅಲ್ಲಿನ ಮುಖಂಡರನ್ನು ಮನೆಯೊಳಗೆ ಕೂಡಿಹಾಕಿ ಸುಡಿಸಿದ. ಅವಳನ್ನು ಈ ಊರಿಗೆ ತಂದು ಗಲ್ಲಿಗೆ ಹಾಕಿಸಿದ. ಅಂಥವಳ ಕೈಯಲ್ಲಿ ಕೊಲಂಬಸ್‌ನ ಹೊಗಳಿಕೆ ಬರೆಸಿದ್ದಾರೆ. ನನಗೆ ಅಲ್ಲೇ ಹೊಟ್ಟೆಯಲ್ಲಿ ಸಂಕಟವಾಯಿತು.

ಪಕ್ಕದಲ್ಲೇ ಕ್ಯಾಥೆಡ್ರಲ್. ಅಮೆರಿಕ ಖಂಡಗಳಲ್ಲೇ ಮೊದಲನೆಯದು. 1514ರಲ್ಲಿ ಅಡಿಗಲ್ಲು, ಮುಗಿದದ್ದು 1540ರ ಸುಮಾರಿಗೆ. ಮಂಡಿ ಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಿ. ಒಳಗೆ ಕಮಾನುಗಳು ಎತ್ತರ, ತಂಪು, ಮಬ್ಬು ಬೆಳಕು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೊರಗೋಡೆ. ಈ ಊರಿನ ಹಳೆಯ ಕಟ್ಟಡಗಳೆಲ್ಲ ಹವಳದ ಸುಣ್ಣಕಲ್ಲಿನವು. ಗೋಡೆಗೆ ಮುಖ ಹತ್ತಿರ ಇಟ್ಟು ನೋಡಿದರೆ ಕಲ್ಲಿನೊಳಗೆ ಚಿಪ್ಪುಗಳ ಗುರುತು, ಹವಳದ ಸುರುಳಿ ಸುರುಳಿ ಗೆರೆ, ಬೆರಳ ತುದಿ ಹೋಗುವಷ್ಟು ತೂತು. ದೂರದಿಂದ ನಯವಾದ ಕಂದುಬಣ್ಣದ ಗೋಡೆ, ಹತ್ತಿರದಿಂದ ಪೂರ್ತಿ ಸಮುದ್ರ. ನನ್ನ ಹೆಂಡತಿ ಆ ಗೋಡೆ ಸವರುತ್ತಾ ಕಾಲು ಗಂಟೆ ನಿಂತಿದ್ದಳು.

1586ರ ಜನವರಿಯಲ್ಲಿ ಇಂಗ್ಲಿಷ್ ನಾವಿಕ ಫ್ರಾನ್ಸಿಸ್ ಡ್ರೇಕ್ ಈ ಊರು ಹಿಡಿದ. ಸುಮಾರು ಒಂದು ತಿಂಗಳು ಇಲ್ಲೇ ಕೂತ. ಈ ಕ್ಯಾಥೆಡ್ರಲನ್ನೇ ಠಿಕಾಣಿ ಮಾಡಿಕೊಂಡ. ದಿನಾ ಒಂದಿಷ್ಟು ಮನೆ ಸುಡುವುದು, ದುಡ್ಡು ಕೊಡಿ ಅನ್ನುವುದು. ಕೊನೆಗೆ 25,000 ಡುಕಾಟ್ ಕೊಟ್ಟು ಕಳಿಸಿದರು. ಸ್ವಲ್ಪ ದೂರದಲ್ಲಿ ಕಾಸಾ ದೆಲ್ ಕೊರ್ದೊನ್ ಅನ್ನುವ ಹಳೆಯ ಕಲ್ಲಿನ ಮನೆ ಇದೆ, ಬಾಗಿಲ ಮೇಲೆ ಫ್ರಾನ್ಸಿಸ್ಕನ್ ಸನ್ಯಾಸಿಗಳ ಸೊಂಟದ ಹಗ್ಗವನ್ನು ಕೆತ್ತಿದ್ದಾರೆ. ಊರಿನ ಹೆಂಗಸರು ತಮ್ಮ ಒಡವೆಗಳನ್ನೆಲ್ಲ ತಂದು ಆ ಮನೆಯಲ್ಲೇ ತೂಕ ಹಾಕಿ ಕೊಟ್ಟರು ಅಂತ ಹೇಳಿಕೆ.

ಅಲ್ಲಿಂದ ಲಾಸ್ ದಾಮಾಸ್ ಬೀದಿ. ಹೊಸ ಖಂಡದಲ್ಲಿ ಕಲ್ಲು ಹಾಸಿದ ಮೊದಲ ಬೀದಿ ಅಂತ ಹೆಸರು. ಕೊಲಂಬಸ್‌ನ ಮಗ ದಿಯೆಗೊ 1509ರಲ್ಲಿ ಗವರ್ನರ್ ಆಗಿ ಬಂದ. ಅದೇ ವರ್ಷ ನಮ್ಮಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದು. ದಿಯೆಗೊನ ಹೆಂಡತಿ ಮರಿಯಾ ದೆ ತೊಲೆದೊ ಜೊತೆ ಬಂದ ಹೆಂಗಸರು ಸಂಜೆ ಹೊತ್ತು ಇಲ್ಲಿ ಅಡ್ಡಾಡುತ್ತಿದ್ದರಂತೆ, ಅವರಿಂದಲೇ ಬೀದಿಗೆ ಈ ಹೆಸರು.

ಬೀದಿಯ ದಕ್ಷಿಣ ತುದಿಯಲ್ಲಿ ಓಸಾಮಾ ಕೋಟೆ. ಓವಾಂದೊ ಕಾಲದ್ದು, 1502ರಿಂದ 1508ರವರೆಗೆ ಕಟ್ಟಿದ್ದು. ಕಿರಿದಾದ ಮೆಟ್ಟಿಲು ಹತ್ತಿ ಗೋಪುರದ ಮೇಲೆ ಹೋದರೆ ನದಿ ಸಮುದ್ರಕ್ಕೆ ಸೇರುವುದು ಪೂರ್ತಿ ಕಾಣುತ್ತೆ. ಗೈಡ್ ಛತ್ರಿಯಿಂದ ಎದುರು ದಡ ತೋರಿಸಿ, ಮೊದಲ ಊರು ಇದ್ದದ್ದು ಆ ಕಡೆ ಅಂದರು. 1502ರಲ್ಲಿ ಕೊಲಂಬಸ್ ತನ್ನ ನಾಲ್ಕನೇ ಯಾತ್ರೆಯಲ್ಲಿ ಇಲ್ಲಿಗೆ ಬಂದು, ಚಂಡಮಾರುತ ಬರುವ ಲಕ್ಷಣ ಇದೆ, ಬಂದರಿನೊಳಗೆ ಬಿಡಿ, ನಿಮ್ಮ ಹಡಗುಗಳನ್ನೂ ಈಗ ಹೊರಡಿಸಬೇಡಿ ಅಂತ ಓವಾಂದೊಗೆ ಹೇಳಿಕಳಿಸಿದ. ಓವಾಂದೊ ಎರಡನ್ನೂ ಕೇಳಲಿಲ್ಲ. ಸ್ಪೇನಿಗೆ ಹೊರಟಿದ್ದ ಸುಮಾರು 30 ಹಡಗುಗಳ ಪಡೆಯಲ್ಲಿ ಬಹುಪಾಲು ಮುಳುಗಿದವು, ನೂರಾರು ಜನ ಸತ್ತರು. ಕೊಲಂಬಸ್‌ನ ಪಾಲಿನ ಚಿನ್ನ ಹೊತ್ತಿದ್ದ ಸಣ್ಣ ಹಡಗು ಮಾತ್ರ ಸ್ಪೇನ್ ಮುಟ್ಟಿತು. ಆ ಗಾಳಿಯಲ್ಲಿ ಎದುರು ದಡದ ಮರದ ಮನೆಗಳೂ ನೆಲಸಮವಾದವು. ಆಮೇಲೆ ಓವಾಂದೊ ಊರನ್ನು ಈ ದಡಕ್ಕೆ ತಂದು, ನೇರ ಬೀದಿಗಳನ್ನು ಎಳೆದು, ಕಲ್ಲಿನಲ್ಲಿ ಕಟ್ಟಿಸಿದ. ಆ ಕಲ್ಲು ಹೊತ್ತವರು ತಾಯಿನೊಗಳು.

ಈ ಮಾತು ಗೈಡ್ ಮತ್ತೆ ಮತ್ತೆ ಹೇಳಿದರು. ಮೊದಲ ಕೋಟೆ, ಮೊದಲ ಬೀದಿ, ಮೊದಲ ಕ್ಯಾಥೆಡ್ರಲ್ ಅಂತ ಫಲಕದ ಮೇಲೆ ಫಲಕ ಇದೆ, ಹೊತ್ತವರ ಹೆಸರು ಒಂದರಲ್ಲೂ ಇಲ್ಲ ಅಂತ. 1508ರ ಎಣಿಕೆಯಲ್ಲಿ ದ್ವೀಪದಲ್ಲಿ ಸುಮಾರು 60,000 ತಾಯಿನೊಗಳಿದ್ದರು. 1514ರಲ್ಲಿ ಸುಮಾರು 26,000. ಅಂದರೆ ಕ್ಯಾಥೆಡ್ರಲ್ಲಿನ ಅಡಿಗಲ್ಲು ಬೀಳುವ ಹೊತ್ತಿಗೆ ಆರೇ ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೋಗಿದ್ದರು. ಚಿನ್ನದ ಗಣಿ, ಬಲವಂತದ ದುಡಿಮೆ, ಹಸಿವು. ಸಿಡುಬು ಬಂದದ್ದು ಅದಕ್ಕೂ ಆಮೇಲೆ.

ಪ್ಯಾಂಥಿಯನ್ ಬೇಗ ನೋಡಿ ಮುಗಿಸಿದೆವು. ಜೆಸುಯಿಟ್ ಚರ್ಚು ಆಗಿದ್ದದ್ದು, ಆಮೇಲೆ ತಂಬಾಕಿನ ಗೋದಾಮು, ಆಮೇಲೆ ನಾಟಕಶಾಲೆ, ಕೊನೆಗೆ ಸರ್ವಾಧಿಕಾರಿ ಟ್ರುಹಿಯೊ ಕಾಲದಲ್ಲಿ ರಾಷ್ಟ್ರನಾಯಕರ ಸಮಾಧಿ ಮಂದಿರ. ತನ್ನ ಹೆಸರನ್ನೇ ರಾಜಧಾನಿಗೆ ಇಟ್ಟುಕೊಂಡವನು ಅವನು. 1936ರಿಂದ 1961ರವರೆಗೆ ನಕಾಶೆಯಲ್ಲಿ ಈ ಊರು ಸಿಯುದಾದ್ ಟ್ರುಹಿಯೊ. ಹತ್ತಿರದಲ್ಲೇ 1753ರ ಕಲ್ಲಿನ ಸೂರ್ಯಗಡಿಯಾರ ಇದೆ, ಎದುರಿನ ಅರಮನೆಯ ಅಧಿಕಾರಿಗಳು ಕಿಟಕಿಯಿಂದಲೇ ಹೊತ್ತು ನೋಡಲಿ ಅಂತ ಇಟ್ಟದ್ದು. ನಾವು ಕೈಗಡಿಯಾರದ ಜೊತೆ ಹೋಲಿಸಿ ನೋಡಿದೆವು, ಇವತ್ತಿಗೂ ಹತ್ತಿರ ಹತ್ತಿರ ಸರಿಯಾಗೇ ಇದೆ.

ಉತ್ತರದ ತುದಿಯಲ್ಲಿ ದಿಯೆಗೊ ಕೊಲಂಬಸ್‌ನ ಅರಮನೆ, ಅಲ್ಕಾಸರ್. ನದಿ ಕಡೆಗೆ ಎರಡು ಅಂತಸ್ತಿನ ಕಮಾನುಗಳ ಸಾಲು, ತುಂಬಾ ಚೆಂದ. ಆದರೆ ಪಾಳುಬಿದ್ದಿದ್ದನ್ನು 1950ರ ದಶಕದಲ್ಲಿ ಮತ್ತೆ ಎತ್ತಿ ಕಟ್ಟಿದ್ದು, ಒಳಗಿನ ಮಂಚ ಕುರ್ಚಿಗಳು ಆ ಮನೆಯವರದ್ದಲ್ಲ. ಸಮಯ ಕಮ್ಮಿ ಇದ್ದರೆ ಹೊರಗಿನಿಂದ ನೋಡಿದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಇದೇ ದಿಯೆಗೊನ ಕಬ್ಬಿನ ತೋಟದಲ್ಲಿ 1521ರ ಕ್ರಿಸ್ಮಸ್ ಹೊತ್ತಿಗೆ ಆಫ್ರಿಕಾದ ಗುಲಾಮರು ದಂಗೆ ಎದ್ದರು. ಈ ಖಂಡದಲ್ಲಿ ದಾಖಲಾದ ಮೊದಲ ದೊಡ್ಡ ಗುಲಾಮರ ದಂಗೆ ಅದು. ಅರಮನೆಯಲ್ಲಿ ಕೇಳುವ ಕಥೆಗಳಲ್ಲಿ ನಾನು ಮರೆಯಲಾರದ್ದು ಇದೊಂದೇ.

ಮಧ್ಯಾಹ್ನ ಗೈಡ್ ತಾನು ದಿನಾ ತಿನ್ನುವ ಸಣ್ಣ ಹೋಟೆಲ್ಲಿಗೆ ಕರೆದುಕೊಂಡು ಹೋದರು. ನಾವು ಸಸ್ಯಾಹಾರಿಗಳು. ಮಾಂಗು ಬಂತು. ಕಾಯಿ ಬಾಳೆಯನ್ನು ಬೇಯಿಸಿ, ಬೇಯಿಸಿದ ನೀರು, ಎಣ್ಣೆ ಹಾಕಿ ನುಣ್ಣಗೆ ಮಸೆದು, ಮೇಲೆ ವಿನೆಗರ್‌ನಲ್ಲಿ ಬಾಡಿಸಿದ ಕೆಂಪು ಈರುಳ್ಳಿ, ಪಕ್ಕದಲ್ಲಿ ಕರಿದ ಚೀಸ್. ಬಾಳೆಕಾಯಿ ಪಲ್ಯ ಉಂಡು ಬೆಳೆದವರಿಗೆ ಎರಡನೇ ತುತ್ತಿಗೇ ಹಿಡಿಸುತ್ತೆ. ಸಲಾಮಿ ಬೇಡ ಅಂತ ಮೊದಲೇ ಹೇಳಬೇಕು. ಅನ್ನ, ಹುರುಳಿಕಾಯಿಯ ದೊಡ್ಡ ಕೆಂಪು ಕಾಳು, ಕರಿದ ಬಾಳೆಕಾಯಿ ಎಲ್ಲಾ ಕಡೆ ಸಿಗುತ್ತೆ. ಕಾಳಿಗೆ ಮಾಂಸ ಹಾಕಿದ್ದಾರಾ ಅಂತ ಮಾತ್ರ ಕೇಳಿ. ಖಾರ ಇಲ್ಲವೇ ಇಲ್ಲ. ಮೆಣಸಿನಕಾಯಿಯನ್ನು ಯುರೋಪಿನವರು ಮೊದಲು ರುಚಿ ನೋಡಿದ್ದು ಈ ದ್ವೀಪಗಳಲ್ಲಿ, ತಾಯಿನೊಗಳ ಊಟದಲ್ಲಿ. ಪೋರ್ಚುಗೀಸರು ಅದನ್ನು ನಮ್ಮ ಕರಾವಳಿಗೆ ತಂದರು. ಪರಂಗಿ, ಸೀಬೆ, ಅನಾನಸ್, ಗೇರು ಎಲ್ಲವೂ ಈ ಖಂಡದಿಂದಲೇ ನಮ್ಮ ತೋಟಕ್ಕೆ ಬಂದದ್ದು. ಗೈಡ್‌ಗೆ ಬ್ಯಾಡಗಿ ಮೆಣಸಿನಕಾಯಿ ಫೋಟೋ ತೋರಿಸಿದೆವು, ಸಂತೆಯ ನೆಲ ಪೂರ್ತಿ ಕೆಂಪಾಗಿರುವುದನ್ನು ನೋಡಿ ನಂಬಲೇ ಇಲ್ಲ ಅವರು.

ಮೂರನೇ ದಿನ, ಭಾನುವಾರ

ಇವತ್ತೂ ಅದೇ ಗೈಡ್. ಮಾಮೂಲಿ ಟೂರ್ ನಿನ್ನೆಗೆ ಮುಗಿಯಿತು, ಇವತ್ತು ನನಗೆ ಇಷ್ಟವಾದ ಜಾಗಗಳು ಅಂದರು. ಊರು ಇನ್ನೂ ಎದ್ದಿರಲಿಲ್ಲ. ಬಾಲ್ಕನಿಗಳಿಂದ ಕಾಫಿ ವಾಸನೆ, ಅಲ್ಲಲ್ಲಿ ರೇಡಿಯೊದಲ್ಲಿ ಬಚಾತಾ.

ಮೊದಲು ಸಾನ್ ನಿಕೊಲಾಸ್ ದೆ ಬಾರಿ ಆಸ್ಪತ್ರೆಯ ಪಾಳು. ಅಮೆರಿಕ ಖಂಡಗಳ ಮೊದಲ ಆಸ್ಪತ್ರೆ, 1503ರಲ್ಲಿ ಓವಾಂದೊ ಶುರು ಮಾಡಿಸಿದ್ದು. ಈಗ ಎತ್ತರದ ಇಟ್ಟಿಗೆ ಕಮಾನುಗಳು, ಮಾಡು ಇಲ್ಲ, ತುಂಬಾ ಪಾರಿವಾಳ. ಇಲ್ಲಿ ಆಸ್ಪತ್ರೆ ಕಟ್ಟುವ ಮೊದಲೇ ಒಬ್ಬ ಕಪ್ಪು ಹೆಂಗಸು ತನ್ನ ಗುಡಿಸಲಿನಲ್ಲಿ ಕಾಯಿಲೆ ಬಿದ್ದ ಬಡವರನ್ನು ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದಳು ಅಂತ ಊರಿನ ನೆನಪು. ಹೆಸರು ಉಳಿದಿಲ್ಲ. ಗೈಡ್ ಆ ಕಮಾನಿನ ಕೆಳಗೆ ಟೋಪಿ ತೆಗೆದು ನಿಂತರು. ಅದನ್ನು ನಾವು ನೋಡಲಿ ಅಂತ ಮಾಡಿದ್ದಲ್ಲ, ಅವರ ರೂಢಿ ಅನ್ನಿಸುತ್ತೆ.

ಸ್ವಲ್ಪ ಏರು ಹತ್ತಿದರೆ ಸಾನ್ ಫ್ರಾನ್ಸಿಸ್ಕೊ ಮಠದ ಪಾಳು. ಡ್ರೇಕ್ ಸುಟ್ಟದ್ದು, ಆಮೇಲೆ ಭೂಕಂಪಗಳು ಕೆಡವಿದ್ದು, 19ನೇ ಶತಮಾನದಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆ ಆಗಿದ್ದದ್ದು. ಒಂದೇ ಗೋಡೆಯಲ್ಲಿ ಎಷ್ಟೆಲ್ಲ ಗುರುತು!

ಆಮೇಲೆ ದೊಮಿನಿಕನ್ ಸನ್ಯಾಸಿಗಳ ಚರ್ಚು. ಈ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಜಾಗ ಇದು. 1510ರಲ್ಲಿ ಕೆಲವೇ ಸನ್ಯಾಸಿಗಳು ಪೆದ್ರೊ ದೆ ಕೊರ್ದೊಬಾ ಅನ್ನುವ ಹಿರಿಯನ ಜೊತೆ ಈ ಊರಿಗೆ ಬಂದರು. ಬಂದವರು ಕಣ್ಣಾರೆ ನೋಡಿದ್ದು ಗಣಿಗಳಲ್ಲಿ ಸಾಯುತ್ತಿದ್ದ ತಾಯಿನೊಗಳನ್ನು. ಒಟ್ಟಿಗೆ ಕೂತು ಒಂದು ಉಪದೇಶ ಬರೆದರು, ಎಲ್ಲರೂ ಸಹಿ ಹಾಕಿದರು, ಹೇಳುವ ಕೆಲಸ ಆಂತೊನಿಯೊ ದೆ ಮೊಂತೆಸಿನೋಸ್‌ಗೆ ಕೊಟ್ಟರು. 1511ರ ಡಿಸೆಂಬರ್ 21, ಭಾನುವಾರ. ಆಗ ಈ ಕಲ್ಲಿನ ಚರ್ಚು ಇರಲಿಲ್ಲ, ಹುಲ್ಲಿನ ಮಾಡಿನ ಕಟ್ಟಡ. ಎದುರಿಗೆ ದಿಯೆಗೊ ಕೊಲಂಬಸ್, ಅಧಿಕಾರಿಗಳು, ಗಣಿ ಮಾಲೀಕರು ಎಲ್ಲ ಕೂತಿದ್ದಾರೆ. ಮೊಂತೆಸಿನೋಸ್ ನೇರವಾಗಿ ಕೇಳಿದ: ಯಾವ ಹಕ್ಕಿನಿಂದ ಈ ಜನರನ್ನು ಇಷ್ಟು ಕ್ರೂರವಾಗಿ ದುಡಿಸುತ್ತೀರಿ? ಇವರು ಮನುಷ್ಯರಲ್ಲವೇ? ಇವರಿಗೆ ಆತ್ಮ ಇಲ್ಲವೇ?

ಊರಿನ ದೊಡ್ಡವರು ಊಟ ಮುಗಿಸಿ ಮಠದ ಬಾಗಿಲಿಗೆ ಬಂದು ಗಲಾಟೆ ಮಾಡಿದರು. ಆಡಿದ ಮಾತು ವಾಪಸ್ ತಗೊಳ್ಳಿ ಅಂದರು. ಮುಂದಿನ ಭಾನುವಾರ ಮೊಂತೆಸಿನೋಸ್ ಮತ್ತೆ ನಿಂತ, ಇನ್ನೂ ಕಟುವಾಗಿ ಹೇಳಿದ, ಇಂಥವರಿಗೆ ಇನ್ಮೇಲೆ ಪಾಪನಿವೇದನೆಗೂ ಅವಕಾಶ ಕೊಡುವುದಿಲ್ಲ ಅಂದ. ವಿಷಯ ಸ್ಪೇನಿನ ರಾಜನವರೆಗೂ ಹೋಯಿತು. 1512ರ ಡಿಸೆಂಬರಿನಲ್ಲಿ, ಮೂಲ ಜನರನ್ನು ದುಡಿಸುವುದಕ್ಕೆ ನಿಯಮ ಹಾಕುವ ಬುರ್ಗೋಸ್ ಕಾನೂನುಗಳು ಬಂದವು. ಆ ಕಾನೂನುಗಳಿಂದ ತಾಯಿನೊಗಳು ಉಳಿಯಲಿಲ್ಲ. ಈ ಮಾತುಗಳನ್ನು ಬರೆದಿಟ್ಟು ನಮ್ಮವರೆಗೆ ತಲುಪಿಸಿದ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಆಗ ಸ್ವತಃ ತಾಯಿನೊಗಳನ್ನು ದುಡಿಸುತ್ತಿದ್ದವನು. ಮುಂದೆ ಎಲ್ಲ ಬಿಟ್ಟು, ಇದೇ ಮಠ ಸೇರಿ, ಜೀವಮಾನವಿಡೀ ಅವರ ಪರ ಹೋರಾಡಿದ. ಆಫ್ರಿಕಾದಿಂದ ಗುಲಾಮರನ್ನು ತರಬಹುದು ಅಂತ ಹೇಳಿದವನೂ ಅವನೇ, ಅದಕ್ಕಾಗಿ ಕೊನೆಗಾಲದಲ್ಲಿ ಪಶ್ಚಾತ್ತಾಪ ಪಟ್ಟ. ಗೈಡ್ ಎರಡನ್ನೂ ಹೇಳಿದರು. ಅದು ನನಗೆ ತುಂಬಾ ಹಿಡಿಸಿತು.

ನಾವು ಹೋದಾಗ ಪೂಜೆ ನಡೆಯುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕೂತೆವು. ಮುಂದೆ ಬಿಳಿ ಫ್ರಾಕಿನ ಪುಟ್ಟ ಹುಡುಗಿ ಅಜ್ಜಿಯ ಬೀಸಣಿಗೆ ಕಿತ್ತುಕೊಂಡು ಆಟವಾಡುತ್ತಿದ್ದಳು. ಮುಗಿದ ಮೇಲೆ ಪಕ್ಕದ ಪ್ರಾರ್ಥನಾ ಕೋಣೆಯ ಮಾಡು ನೋಡಿದೆವು. ನಡುವೆ ಸೂರ್ಯ, ಸುತ್ತ ಹನ್ನೆರಡು ರಾಶಿಗಳನ್ನು ಕಲ್ಲಲ್ಲಿ ಕೆತ್ತಿದ್ದಾರೆ. ಚರ್ಚಿನಲ್ಲಿ ರಾಶಿಚಕ್ರ ನೋಡಿದ್ದು ಇದೇ ಮೊದಲು.

ಅಲ್ಲಿಂದ ದಕ್ಷಿಣಕ್ಕೆ ನಡೆದರೆ ಸಮುದ್ರ. ದಡದಲ್ಲೇ ಮೊಂತೆಸಿನೋಸ್‌ನ ಪ್ರತಿಮೆ, 15 ಮೀಟರ್ ಎತ್ತರ, ಮೆಕ್ಸಿಕೊ ಸರ್ಕಾರ 1982ರಲ್ಲಿ ಕೊಟ್ಟದ್ದು. ಬಾಯಿಗೆ ಕೈ ಅಡ್ಡ ಹಿಡಿದು ಸಮುದ್ರದ ಕಡೆ ಕೂಗುತ್ತಿದ್ದಾನೆ. ಕ್ಯಾಥೆಡ್ರಲ್ಲಿನ ಹತ್ತಿರ ಇದ್ದ ಜನದಲ್ಲಿ ಕಾಲುಭಾಗವೂ ಇಲ್ಲಿರಲಿಲ್ಲ.

ಸಂಜೆ ಬಯಲಿನಲ್ಲಿ ಸಂಗೀತ. ಭಾನುವಾರಗಳಂದು ಬೋನ್ಯೆ ಅನ್ನುವ ತಂಡ ಪುಕ್ಕಟೆ ನುಡಿಸುತ್ತೆ. ಎಪ್ಪತ್ತರ ಗಂಡಸರು ಇಸ್ತ್ರಿ ಮಾಡಿದ ಬಿಳಿ ಷರಟು, ಹೊಳೆಯುವ ಬೂಟು ಹಾಕಿಕೊಂಡು ಬಂದು ಮೆರೆಂಗೆ ಕುಣಿದರು. ಹೆಜ್ಜೆ ಸಣ್ಣದು, ಸೊಂಟ ಮಾತ್ರ ನಿಲ್ಲುವುದಿಲ್ಲ. ಗೂಯಿರಾ ಅನ್ನುವ ತೂತುಬಿದ್ದ ಲೋಹದ ಕೊಳವೆಯನ್ನು ಕಡ್ಡಿಯಿಂದ ಕೆರೆಯುವ ಶಬ್ದ ಒಮ್ಮೆ ಕಿವಿಗೆ ಹತ್ತಿದರೆ ಕಾಲು ತಾನಾಗೇ ಆಡುತ್ತೆ. ಒಬ್ಬ ಅಜ್ಜಿ ನನ್ನ ಹೆಂಡತಿಯ ಕೈ ಹಿಡಿದು ಎಳೆದುಕೊಂಡು ಹೋಗಿ ಮೂರು ಹಾಡು ಕುಣಿಸಿದರು.

ನಾಲ್ಕನೇ ದಿನ, ಸೋಮವಾರ

ಸೋಮವಾರ ಬಹಳಷ್ಟು ಮ್ಯೂಸಿಯಂಗಳಿಗೆ ರಜೆ. ನದಿ ದಾಟಿ ಲೋಸ್ ತ್ರೆಸ್ ಓಹೋಸ್ ನೋಡಿದೆವು. ನೆಲದಡಿಯ ಸುಣ್ಣಕಲ್ಲಿನ ಗುಹೆ, ಒಳಗೆ ನೀಲಿ ಹಸಿರು ಕೊಳಗಳು. ಬೆಳಗ್ಗೆಯೇ ಹೋಗಿ, ಬಸ್ಸುಗಳು ಬಂದ ಮೇಲೆ ಮೆಟ್ಟಿಲಲ್ಲಿ ಜಾಗ ಇರುವುದಿಲ್ಲ.

ದಾರಿಯಲ್ಲೇ ಫಾರೊ ಆ ಕೊಲೊನ್ ಸಿಗುತ್ತೆ. ಶಿಲುಬೆ ಆಕಾರದ ಭಾರೀ ಕಾಂಕ್ರೀಟು ಕಟ್ಟಡ, ಕೊಲಂಬಸ್ ಬಂದು 500 ವರ್ಷವಾಯಿತು ಅಂತ 1992ರಲ್ಲಿ ತೆರೆದದ್ದು. 1877ರಲ್ಲಿ ಕ್ಯಾಥೆಡ್ರಲ್ಲಿನಲ್ಲಿ ಸಿಕ್ಕ, ಕೊಲಂಬಸ್ ಹೆಸರಿದ್ದ ಸೀಸದ ಪೆಟ್ಟಿಗೆಯ ಎಲುಬುಗಳನ್ನು ಇಲ್ಲಿಟ್ಟಿದ್ದಾರೆ. ಸ್ಪೇನಿನ ಸೆವಿಯಾದವರು ಅವನ ಎಲುಬು ನಮ್ಮಲ್ಲಿದೆ ಅನ್ನುತ್ತಾರೆ, ಅಲ್ಲಿ ಡಿಎನ್ಎ ಪರೀಕ್ಷೆಯೂ ಆಗಿದೆ. ಇದನ್ನು ಕಟ್ಟಲು ಇಲ್ಲಿದ್ದ ಬಡವರ ಮನೆಗಳನ್ನು ಎಬ್ಬಿಸಿದ್ದರು. ಹೊರಗಿಂದಲೇ ನೋಡಿ ಹೊರಟೆವು, ಒಳಗೆ ಹೋಗುವ ಮನಸ್ಸು ನಮಗೆ ಇರಲಿಲ್ಲ.

ನೀವು ಹೋಗುವುದಾದರೆ ಗೈಡ್ ಜೊತೆಗೇ ನಡೆಯಿರಿ. ಲೈಸೆನ್ಸ್ ಕಾರ್ಡು ನೋಡಿ, ದುಡ್ಡು ಎಷ್ಟು, ಎಷ್ಟು ಹೊತ್ತು, ಯಾವ ಯಾವ ಜಾಗ ಅಂತ ಶುರುವಿನಲ್ಲೇ ಮಾತಾಡಿಕೊಳ್ಳಿ. ದಪ್ಪ ಅಟ್ಟೆಯ ಚಪ್ಪಲಿ ಹಾಕಿ, ಆ ಕಲ್ಲುಹಾಸಿನಲ್ಲಿ ತೆಳು ಅಟ್ಟೆ ನಡೆಯುವುದಿಲ್ಲ. ಅರ್ಧ ದಿನದ ಟೂರುಗಳು ಸಾಮಾನ್ಯವಾಗಿ ಕ್ಯಾಥೆಡ್ರಲ್, ಕೋಟೆ, ಅಲ್ಕಾಸರ್ ತೋರಿಸಿ ಚಾಕೊಲೇಟ್ ಅಂಗಡಿಯಲ್ಲಿ ಬಿಡುತ್ತವೆ. ದೊಮಿನಿಕನ್ ಸನ್ಯಾಸಿಗಳ ಚರ್ಚು ಮತ್ತು ಸಮುದ್ರದ ಪಕ್ಕದ ಮೊಂತೆಸಿನೋಸ್ ಪ್ರತಿಮೆ ಬೇಕೇ ಬೇಕು ಅಂತ ಕೇಳಿ. ಎರಡರ ನಡುವೆ ಕಾಲು ಗಂಟೆಯ ದಾರಿ, ಅಷ್ಟೇ.